ಇಲ್ಲದ ಬೆರಳಿನ ನೋವು

ಮಂದಾರ್ತಿ ಮೇಳವೋ ಮಾರಣಕಟ್ಟೆ ಮೇಳವೋ ಊರಿಗೆ ಹರಕೆ ಆಟಕ್ಕೆ ಬಂತೆಂದರೆ ನನಗೆ ರಂಗಸ್ಥಳದಷ್ಟೇ ಚೌಕಿಯ ಮೇಲೂ ಕಣ್ಣು. ಅಲ್ಲಿ ಕೇದಗೆ ಮುಂದಲೆ ಕಟ್ಟುವುದನ್ನು ನೋಡುತ್ತ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಅಟ್ಟೆ ತಲೆಯ ಮೇಲೆ ಕೂರುತ್ತದೆ, ಅದರ ಮೇಲೆ ಬಟ್ಟೆ ಸುತ್ತು ಸುತ್ತಾಗಿ ಏರುತ್ತದೆ, ಜರಿಪಟ್ಟಿ ಬಿಗಿಯುತ್ತದೆ. ಸ್ವಲ್ಪ ಹೊತ್ತಿನ ಹಿಂದೆ ಪಂಚೆ ಉಟ್ಟು ಚಹಾ ಕುಡಿಯುತ್ತಿದ್ದ ಮನುಷ್ಯ ಈಗ ಅಭಿಮನ್ಯು. ಅವನ ಎತ್ತರ ಹೆಚ್ಚಿದೆ, ಭುಜ ಅಗಲವಾಗಿದೆ. ಚೌಕಿಯ ಬಾಗಿಲು ಮಾತ್ರ ಮೊದಲಿನಷ್ಟೇ ತಗ್ಗು.

ನೋಡಬೇಕಾದ್ದು ಆ ಬಾಗಿಲ ಹತ್ತಿರ. ವೇಷ ಕಟ್ಟಿದವನು ಅಡ್ಡಪಟ್ಟಿಯ ಕೆಳಗೆ ಎಷ್ಟು ಬಗ್ಗಬೇಕೋ ಅಷ್ಟೇ ಬಗ್ಗಿ ದಾಟುತ್ತಾನೆ. ಮುಂದಲೆಯ ತುದಿ ತಾಗುವುದಿಲ್ಲ. ಕೈಯಿಂದ ಮುಟ್ಟಿ ನೋಡಿಕೊಳ್ಳುವುದಿಲ್ಲ, ಯಾರೂ ಎಚ್ಚರಿಸುವುದಿಲ್ಲ. ರಂಗಕ್ಕೆ ಹೋಗಿ ಮಂಡಿ ಹಾಕಿ ಸುತ್ತುವಾಗಲೂ ಅಷ್ಟೇ, ಚಂಡೆಯವನ ಹತ್ತಿರ ಎಷ್ಟು ಸರಿದರೆ ತಾಗುತ್ತದೆ ಎಂಬ ಲೆಕ್ಕ ಮೈಗೇ ಗೊತ್ತು. ಹಾರಾಡಿ, ಮಟಪಾಡಿ ಎರಡೂ ಬ್ರಹ್ಮಾವರದ ಮಗ್ಗುಲಿನ ಊರುಗಳು. ಬಡಗುತಿಟ್ಟಿನ ಎರಡು ಶೈಲಿಗಳಿಗೆ ಹೆಸರು ಕೊಟ್ಟ ಊರುಗಳು. ಹಾರಾಡಿ ರಾಮ ಗಾಣಿಗರ ಕಾಲದಿಂದಲೂ ಈ ಲೆಕ್ಕವನ್ನು ಯಾರೂ ಪುಸ್ತಕ ಓದಿ ಕಲಿತಿಲ್ಲ. ಕುಣಿದು ಕುಣಿದು ಮುಂದಲೆಯೂ ಮೈಯೊಳಗೆ ಸೇರುತ್ತದೆ.

ಇದನ್ನೇ ಲಂಡನ್ನಿನ ನರವೈದ್ಯ ಹೆನ್ರಿ ಹೆಡ್ 1911ರಲ್ಲಿ ಗಾರ್ಡನ್ ಹೋಮ್ಸ್ ಜೊತೆ ಸೇರಿ ಬರೆದ. ಮಿದುಳು ಮೈಯ ನಿಲುವು, ಅಳತೆಗಳ ಒಂದು ಚಿತ್ರವನ್ನು ಸದಾ ಇಟ್ಟುಕೊಂಡಿರುತ್ತದೆ, ಗಳಿಗೆ ಗಳಿಗೆಗೂ ತಿದ್ದುತ್ತಿರುತ್ತದೆ ಎಂಬುದು ಅವನ ಮಾತು. ಅವನು ಕೊಟ್ಟ ಉದಾಹರಣೆ ಅಲ್ಲಿನ ಹೆಂಗಸರ ಟೊಪ್ಪಿಗೆಯ ಗರಿ: ಆ ಗರಿಯ ತುದಿಯವರೆಗೂ ಅವರ ಮೈಯ ಅರಿವು ಚಾಚಿರುತ್ತದಂತೆ. ಅವನು ನಮ್ಮ ಚೌಕಿಗೆ ಬಂದಿದ್ದರೆ ಗರಿಯನ್ನು ಬಿಟ್ಟು ಮುಂದಲೆಯನ್ನೇ ಬರೆಯುತ್ತಿದ್ದ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ.

ಮುಂದಲೆಯಾದರೂ ತಲೆಗೆ ಅಂಟಿಕೊಂಡಿರುತ್ತದೆ. ಅಂಟಿಕೊಳ್ಳದೆಯೇ ಮೈಯಾಗುವುದನ್ನು ನೋಡಬೇಕಾದರೆ ಕುಂದಾಪುರದಿಂದ ಉಪ್ಪಿನಕುದ್ರಿಗೆ ಹೋಗಬೇಕು. ಅಲ್ಲಿನ ಕಾಮತರ ಮನೆತನದ ಯಕ್ಷಗಾನ ಗೊಂಬೆಯಾಟ ದೇಶ ವಿದೇಶ ಸುತ್ತಿದೆ. ದೇವಣ್ಣ ಕಾಮತರು, ಅವರ ಮಗ ಕೊಗ್ಗ ಕಾಮತರು, ಈಗ ಭಾಸ್ಕರ ಕೊಗ್ಗ ಕಾಮತರು ಹೀಗೆ ಕೈಯಿಂದ ಕೈಗೆ ಬಂದ ವಿದ್ಯೆ ಅದು. ಬಡಗುತಿಟ್ಟಿನದೇ ವೇಷ, ಅದೇ ಭಾಗವತಿಕೆ. ಮರದ ಗೊಂಬೆ ಕೆಳಗೆ, ದಾರ ಹಿಡಿದ ಬೆರಳು ಮೇಲೆ. ಗೊಂಬೆ ಹೆಜ್ಜೆ ಹಾಕುವಾಗ ಆಡಿಸುವವರ ಮುಖವನ್ನು ನೋಡಿ. ‘ಈಗ ಈ ದಾರ, ಆಮೇಲೆ ಆ ದಾರ’ ಎಂಬ ಎಣಿಕೆ ಅಲ್ಲಿಲ್ಲ. ಅವರ ಮನಸ್ಸು ಬೆರಳನ್ನೂ ದಾರವನ್ನೂ ದಾಟಿ ಗೊಂಬೆಯ ಪಾದದಲ್ಲಿ ನೆಲ ಮುಟ್ಟಿರುತ್ತದೆ.

ಇದನ್ನು ಬರಿಯ ಹೊಗಳಿಕೆಯ ಮಾತು ಅಂದುಕೊಳ್ಳಬೇಡಿ. 1996ರಲ್ಲಿ ಜಪಾನಿನ ಅತ್ಸುಶಿ ಇರಿಕಿ ಮತ್ತು ಸಂಗಡಿಗರು ಮಂಗಗಳಿಗೆ ಸಣ್ಣ ಕುಂಟೆಯಂಥ ಸಲಕರಣೆ ಕೊಟ್ಟು, ದೂರದ ತಿನಿಸನ್ನು ಎಳೆದುಕೊಳ್ಳುವುದನ್ನು ಕಲಿಸಿದರು. ಮೊದಲು ಕೈಯ ಸುತ್ತಮುತ್ತ ಏನಾದರೂ ಕಂಡರೆ ಮಾತ್ರ ಚುರುಕಾಗುತ್ತಿದ್ದ ಕೆಲವು ನರಕೋಶಗಳು, ಅಭ್ಯಾಸವಾದ ಮೇಲೆ ಸಲಕರಣೆಯ ತುದಿಯ ಹತ್ತಿರ ಏನಾದರೂ ಕಂಡರೂ ಚುರುಕಾಗತೊಡಗಿದವು. ಆ ಕೋಶಗಳ ಲೆಕ್ಕದಲ್ಲಿ ಕೈ ಉದ್ದವಾಗಿತ್ತು. ಮಂಗನಿಗೆ ಕೆಲವು ವಾರದಲ್ಲಿ ಇಷ್ಟಾದರೆ, ಹುಟ್ಟಿದಾಗಿನಿಂದ ಗೊಂಬೆಯ ನಡುವೆ ಬೆಳೆದವರಿಗೆ ಎಷ್ಟಾಗಿರಬೇಕು!

ಹೀಗೆ ಮೈಯ ಲೆಕ್ಕಕ್ಕೆ ಸೇರಿದ್ದು ಬೇಗ ಬಿಟ್ಟುಹೋಗುವುದೂ ಇಲ್ಲ. ಗಂಗೊಳ್ಳಿಯಿಂದ ಆಳಸಮುದ್ರಕ್ಕೆ ಹೋಗಿ ದಿನಗಟ್ಟಲೆ ಬೋಟಿನಲ್ಲಿದ್ದು ಬಂದವರನ್ನು ಕೇಳಿ. ದಡದಲ್ಲಿ ಕಾಲಿಟ್ಟ ಮೇಲೂ ನೆಲ ತೂಗುತ್ತದೆ, ರಾತ್ರಿ ಚಾಪೆಯ ಮೇಲೆ ಮಲಗಿದರೂ ಅಲೆ ಏಳುತ್ತದೆ. ಅಲೆ ನೀರಿನಲ್ಲೇ ಉಳಿದಿದೆ, ಅದರ ಲೆಕ್ಕ ಮಿದುಳಿನಲ್ಲಿ ಉಳಿದಿದೆ. ಬಿಗಿಯಾದ ಉಂಗುರ ತೆಗೆದಿಟ್ಟ ಬೆರಳಿಗೂ ಉಂಗುರ ಇದ್ದೇ ಇದೆ ಅನಿಸುವುದು ಇದೇ ಬಗೆಯದು. ಇವೆಲ್ಲ ಒಂದೆರಡು ದಿನದಲ್ಲಿ ಅಳಿಸಿಹೋಗುತ್ತವೆ. ಅಳಿಸಿಹೋಗದ ಒಂದು ಸಂಗತಿ ಇದೆ. ಇಷ್ಟು ಸುತ್ತಿ ಬಳಸಿ ನಾನು ಹೇಳಹೊರಟದ್ದು ಅದನ್ನೇ.

ನಮ್ಮೂರಿನ ಕಡೆ ಒಬ್ಬರು ಹಿರಿಯರು. ಸಕ್ಕರೆ ಕಾಯಿಲೆಯ ಹುಣ್ಣು ಏರಿ ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕಾಗಿ ಬಂತು. ಗಾಯ ಮಾಯಿತು, ಊರುಗೋಲು ಬಂತು. ಅವರ ಮನೆಯ ಜಗಲಿಯಲ್ಲಿ ಮಾತಾಡುತ್ತ ಕೂತಿದ್ದಾಗ ಒಂದು ಸಲ ಸ್ವರ ತಗ್ಗಿಸಿ ಹೇಳಿದರು: “ಕಾಲ್ ಹೋಯಿ ವರ್ಷ ಆಯ್ತ್, ಹೆಬ್ಬೆರಳ್ ನೋವ್ ಮಾತ್ರ ಹೋಯ್ಲಿಲ್ಲೆ ಮರಾಯ್ರೆ. ಯಾರ್ ಹತ್ರ ಹೇಳುದ್? ಮಂಡೆ ಸಮ ಇಲ್ಲೆ ಅಂಬ್ರ್.” ನೋವಿಗಿಂತ ಈ ಕೊನೆಯ ಮಾತು ನನ್ನನ್ನು ಹೆಚ್ಚು ಕಾಡಿತು. ಹೆಂಡತಿಗೂ ಹೇಳಿರಲಿಲ್ಲ, ಡ್ರೆಸಿಂಗ್ ಮಾಡುವವರಿಗೂ ಹೇಳಿರಲಿಲ್ಲ. ನಡುರಾತ್ರಿ ಎದ್ದು ಕೂತು, ಇಲ್ಲದ ಬೆರಳನ್ನು ನೀವಲು ಕೈ ಚಾಚಿ, ಬರಿಯ ಹಾಸಿಗೆಯನ್ನು ಮುಟ್ಟಿ, ಹಾಗೇ ಮಲಗುತ್ತಿದ್ದರಂತೆ.

ಅವರ ಮಂಡೆ ಸರಿಯಾಗಿಯೇ ಇತ್ತು. ಕೈಯೋ ಕಾಲೋ ಕಳೆದುಕೊಂಡವರಲ್ಲಿ ಬಹುಪಾಲು ಜನರಿಗೆ ಅದು ಇನ್ನೂ ಇದೆ ಅನಿಸುತ್ತದೆ, ಅವರಲ್ಲಿ ತುಂಬ ಜನರಿಗೆ ಅದು ನೋಯುತ್ತದೆ. ಒಬ್ಬರಿಗೆ ತುರಿಕೆ, ಒಬ್ಬರಿಗೆ ಉರಿ, ಇನ್ನೊಬ್ಬರಿಗೆ ಬಿಗಿದ ಮುಷ್ಟಿಯ ಉಗುರು ಅಂಗೈಗೆ ನಾಟಿದಂತೆ ನೋವು. 16ನೇ ಶತಮಾನದಲ್ಲೇ ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರೋಯಿಸ್ ಪಾರೆ ತನ್ನ ಸೈನಿಕರ ಈ ದೂರನ್ನು ಬರೆದಿಟ್ಟ. 1797ರಲ್ಲಿ ಬಲಗೈ ಕಳೆದುಕೊಂಡ ಇಂಗ್ಲೆಂಡಿನ ನೌಕಾಧಿಪತಿ ನೆಲ್ಸನ್, ಇಲ್ಲದ ಬೆರಳುಗಳ ನೋವನ್ನು ಆತ್ಮ ಇರುವುದಕ್ಕೆ ಸಾಕ್ಷಿ ಅಂದುಕೊಂಡನೆಂದು ಹೇಳುತ್ತಾರೆ. ಅಮೆರಿಕದ ಒಳಯುದ್ಧದಲ್ಲಿ ಸಾವಿರಾರು ಸೈನಿಕರು ಕೈಕಾಲು ಕಳೆದುಕೊಂಡಾಗ ಫಿಲಡೆಲ್ಫಿಯಾದಲ್ಲಿ ಅವರನ್ನು ನೋಡಿಕೊಂಡವನು ಸೈಲಾಸ್ ವಿಯರ್ ಮಿಚೆಲ್. ‘ಫ್ಯಾಂಟಮ್ ಲಿಂಬ್’ ಎಂಬ ಹೆಸರು 1871ರಲ್ಲಿ ಅವನ ಬರಹದಿಂದ ಬಂದು ಇಂದಿಗೂ ಆಸ್ಪತ್ರೆಗಳಲ್ಲಿ ನಿಂತಿದೆ. ಆ ದೇಶದಲ್ಲಿ ಹೂತಿಟ್ಟ ಕೈಯನ್ನು ಮತ್ತೆ ಅಗೆದು ತೆಗೆದು, ಮುದುಡಿದ ಬೆರಳನ್ನು ನೆಟ್ಟಗೆ ಮಾಡಿ ಹೂತರೆ ನೋವು ಹೋಗುತ್ತದೆ ಎಂಬ ನಂಬಿಕೆಯೂ ಇತ್ತು. ನೋವು ತಾಳಲಾರದ ಜನ ಏನನ್ನು ತಾನೇ ಮಾಡಿ ನೋಡುವುದಿಲ್ಲ!

ಬೆರಳು ಇಲ್ಲದ ಮೇಲೆ ಈ ನೋವು ಎಲ್ಲಿರುತ್ತದೆ? ಕತ್ತರಿಸಿದ ನರದ ತುದಿ ಗಂಟುಗಟ್ಟಿ ಅಲ್ಲಿಂದ ಹುಸಿ ಸುದ್ದಿ ಹೋಗುವುದುಂಟು, ಬೆನ್ನುಹುರಿಯ ಪಾಲೂ ಇದೆ. ಆದರೆ ‘ಹೆಬ್ಬೆರಳು’ ಎಂಬ ಗುರುತು ಇರುವುದು ಮಿದುಳಿನಲ್ಲಿ. ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಶಸ್ತ್ರವೈದ್ಯ ಮೂರ್ಛೆರೋಗದವರ ತಲೆಬುರುಡೆ ತೆರೆದು, ಅವರು ಎಚ್ಚರವಾಗಿರುವಾಗಲೇ ಮಿದುಳಿನ ಮೇಲ್ಮೈಯನ್ನು ಸಣ್ಣ ವಿದ್ಯುತ್ತಿನಿಂದ ಮುಟ್ಟುತ್ತಿದ್ದ. ಮಿದುಳಿಗೆ ತನ್ನದೇ ಆದ ನೋವಿಲ್ಲ, ಹಾಗಾಗಿ ಇದು ಸಾಧ್ಯ. ಇಲ್ಲಿ ಮುಟ್ಟಿದರೆ ರೋಗಿ ‘ತುಟಿ’ ಅನ್ನುತ್ತಿದ್ದ, ಅಲ್ಲಿ ಮುಟ್ಟಿದರೆ ‘ಹೆಬ್ಬೆರಳು’. ಹೀಗೆ ಸೇರಿಸಿದ ನಕ್ಷೆಯನ್ನು ಅವನೂ ಎಡ್ವಿನ್ ಬೋಲ್ಡ್ರೆಯೂ 1937ರಲ್ಲಿ ಪ್ರಕಟಿಸಿದರು. ಅದರಲ್ಲಿ ತುಟಿ, ನಾಲಗೆ, ಬೆರಳುಗಳದು ದೊಡ್ಡ ಪಾಲು. ಬೆನ್ನು, ಹೊಟ್ಟೆಗಳಿಗೆ ಸಣ್ಣ ತುಂಡು. ಯಾವುದರಿಂದ ಸೂಕ್ಷ್ಮ ಕೆಲಸ ಆಗಬೇಕೋ ಅದಕ್ಕೆ ಹೆಚ್ಚು ಜಾಗ. ಮುಖದ ಪಕ್ಕದಲ್ಲಿ ಕುತ್ತಿಗೆ ಇರುವ ಬದಲು ಕೈ ಇದೆ.

ಮರವಂತೆಯ ಕಡೆ ಕಡಲ್ಕೊರೆತ ನೋಡಿದವರಿಗೆ ಮುಂದಿನದನ್ನು ಹೇಳುವುದು ಸುಲಭ. ತೆಂಗಿನ ಮರ ಸಹಿತ ಜಾಗವನ್ನು ಕಡಲು ನುಂಗುತ್ತದೆ. ಪಹಣಿಯಲ್ಲಿ ಸರ್ವೆ ನಂಬರು, ಅಳತೆ, ಹಕ್ಕುದಾರರ ಹೆಸರು ಎಲ್ಲ ಹಾಗೇ ಇರುತ್ತದೆ. ಕಾಲು ಹೋದವರ ತಲೆಯೊಳಗೆ ಉಳಿಯುವುದು ಅಂಥ ಪಹಣಿ. ದಾಖಲೆ ಇದೆ, ಕಂದಾಯದ ಕರೆ ಬರುತ್ತಲೇ ಇದೆ, ಜಾಗ ಮಾತ್ರ ಇಲ್ಲ.

ಆ ದಾಖಲೆಗೆ ಮುಂದೆ ಏನಾಗುತ್ತದೆ ಎಂಬ ವಿಚಾರದಲ್ಲಿ ದೊಡ್ಡ ವಾದವೇ ನಡೆದಿದೆ. 1991ರಲ್ಲಿ ಟಿಮ್ ಪಾನ್ಸ್ ಮತ್ತು ಸಂಗಡಿಗರು, ವರ್ಷಗಳ ಹಿಂದೆ ಕೈಯ ನರಸಂಪರ್ಕ ಕಡಿದುಹೋಗಿದ್ದ ಮಂಗಗಳ ಮಿದುಳಿನಲ್ಲಿ ಕೈಯ ಜಾಗ ಈಗ ಮುಖದ ಸ್ಪರ್ಶಕ್ಕೆ ಓಗೊಡುತ್ತಿರುವುದನ್ನು ಕಂಡರು. ಅದನ್ನು ಓದಿ ಚುರುಕಾದವರು ವಿ. ಎಸ್. ರಾಮಚಂದ್ರನ್. ಮದರಾಸಿನ ಸ್ಟಾನ್ಲಿ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಕೇಂಬ್ರಿಜ್‌ಗೆ ಹೋಗಿ, ಕೊನೆಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ನೆಲೆಯಾದವರು. ಅವರು ಕೈ ಕಳೆದುಕೊಂಡ ಯುವಕನೊಬ್ಬನ ಕಣ್ಣು ಕಟ್ಟಿ, ಕೆನ್ನೆಯನ್ನು ಹತ್ತಿಯ ಕಡ್ಡಿಯಿಂದ ಮುಟ್ಟಿದರು. ‘ಎಲ್ಲಿ ಮುಟ್ಟಿದೆ?’ ಎಂದರೆ ‘ಕೆನ್ನೆಯಲ್ಲಿ, ಜೊತೆಗೆ ಇಲ್ಲದ ಹೆಬ್ಬೆರಳಿನಲ್ಲಿ’ ಎಂಬ ಉತ್ತರ ಬಂತು. ಮುಖದ ಮೇಲೆ ಕೈಯ ಇನ್ನೊಂದು ನಕ್ಷೆಯೇ ಸಿಕ್ಕಿತು. ಉಪಕರಣ ಒಂದು ಹತ್ತಿಯ ಕಡ್ಡಿ. ಕಂಡದ್ದು ಮಿದುಳಿನ ಒಳಗು!

ಪಕ್ಕದವರು ಬಂದು ಖಾಲಿ ಜಾಗ ಒತ್ತುವರಿ ಮಾಡುತ್ತಾರೆ ಎಂಬ ಈ ವಿವರಣೆ ಬಹುಕಾಲ ಪಾಠಪುಸ್ತಕಗಳಲ್ಲಿ ಓಡಾಡಿತು. 2025ರಲ್ಲಿ ಹಂಟರ್ ಶೋನ್, ತಮಾರ್ ಮೇಕಿನ್ ಮತ್ತು ಸಂಗಡಿಗರು ಬೇರೆಯೇ ಮಾತು ಹೇಳಿದರು. ಕೈ ತೆಗೆಯುವುದಕ್ಕೆ ಮೊದಲೇ ಮೂವರ ಮಿದುಳನ್ನು ಎಂ.ಆರ್.ಐ. ಯಂತ್ರದಲ್ಲಿ ನೋಡಿಟ್ಟುಕೊಂಡು, ತೆಗೆದ ಮೇಲೆಯೂ ವರ್ಷಗಟ್ಟಲೆ ನೋಡುತ್ತ ಬಂದರು. ಇಲ್ಲದ ಬೆರಳನ್ನು ಆಡಿಸಿ ಎಂದಾಗ ಮೂಡಿದ ಚಿತ್ರ ಮೊದಲಿನದನ್ನೇ ಹೋಲುತ್ತಿತ್ತು. ತುಟಿಯ ಜಾಗ ಕೈಯ ಜಾಗಕ್ಕೆ ಹರಡಿರಲಿಲ್ಲ. ಮೂವರಷ್ಟೇ ಆದರೂ ಮೊದಲು ಮತ್ತು ಆಮೇಲೆ ಎರಡನ್ನೂ ಒಬ್ಬೊಬ್ಬರಲ್ಲೇ ನೋಡಿದ್ದು ಈ ಕೆಲಸದ ತೂಕ. ವಾದ ಯಾವ ಕಡೆ ವಾಲಿದರೂ ನಮ್ಮ ಹಿರಿಯರಿಗೆ ಬೇಕಾದ ಮಾತು ಒಂದೇ, ಅದನ್ನು ಇಬ್ಬರೂ ಒಪ್ಪುತ್ತಾರೆ: ಬೆರಳಿನ ನೋವು ಬೆರಳಿಲ್ಲದೆಯೂ ನಿಜ.

ಇಲ್ಲಿ ರಾಮಚಂದ್ರನ್ ಅವರ ಇನ್ನೊಂದು ಕೆಲಸವನ್ನು ನಿಧಾನವಾಗಿ ಹೇಳಬೇಕು. ಅವರ ಕೆಲವು ರೋಗಿಗಳ ಕಷ್ಟ ಏನೆಂದರೆ, ಇಲ್ಲದ ಕೈಯ ಮುಷ್ಟಿ ಬಿಗಿದುಕೊಂಡಿದೆ, ಬಿಚ್ಚಲು ಬರುವುದಿಲ್ಲ. ಬಿಚ್ಚು ಎಂದು ಮಿದುಳು ಅಪ್ಪಣೆ ಕೊಡುತ್ತದೆ, ಬಿಚ್ಚಿತು ಎಂಬ ಉತ್ತರ ಎಲ್ಲಿಂದಲೂ ಬರುವುದಿಲ್ಲ. ಉತ್ತರವನ್ನು ಕಣ್ಣಿನ ಮೂಲಕ ಕೊಟ್ಟರೆ? 1990ರ ದಶಕದಲ್ಲಿ ಅವರು ಒಂದು ಪೆಟ್ಟಿಗೆಯ ನಡುವೆ ಕನ್ನಡಿ ನಿಲ್ಲಿಸಿದರು. ಒಂದು ಬದಿಗೆ ಇರುವ ಕೈ, ಇನ್ನೊಂದು ಬದಿಗೆ ಉಳಿದ ತೋಳಿನ ತುದಿ. ಕನ್ನಡಿಯಲ್ಲಿ ಕಾಣುವ ಬಿಂಬ ಸರಿಯಾಗಿ ಇಲ್ಲದ ಕೈಯ ಜಾಗದಲ್ಲಿ ಕೂರುತ್ತದೆ. ಇರುವ ಕೈಯನ್ನು ಮುಷ್ಟಿ ಮಾಡಿ ಮೆಲ್ಲಗೆ ಬಿಚ್ಚಿದರೆ ಎರಡೂ ಕೈ ಬಿಚ್ಚಿದ್ದು ಕಾಣುತ್ತದೆ. ಕೆಲವರಿಗೆ ಆ ಕ್ಷಣದಲ್ಲೇ, ವರ್ಷಗಳಿಂದ ಬಿಗಿದಿದ್ದ ಮುಷ್ಟಿ ಸಡಿಲವಾಯಿತು.

ಕಾಲಿಗಾದರೆ ಉದ್ದನೆಯ ಕನ್ನಡಿ ಬೇಕು. ಕಾಲು ಚಾಚಿ ಕೂತು, ಎರಡು ಕಾಲಿನ ನಡುವೆ ಕನ್ನಡಿಯನ್ನು ಉದ್ದಕ್ಕೆ ನಿಲ್ಲಿಸಬೇಕು, ಅದರ ಮುಖ ಇರುವ ಕಾಲಿನ ಕಡೆಗಿರಬೇಕು. ಪಾದವನ್ನು ಮೇಲೆ ಕೆಳಗೆ ಮಾಡುವುದು, ಬೆರಳು ಅರಳಿಸುವುದು, ಕಣ್ಣು ಬಿಂಬದ ಮೇಲೆ. 2007ರಲ್ಲಿ ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಕಾಲು ಕಳೆದುಕೊಂಡವರ ಮೇಲೆ ಇದನ್ನು ಪರೀಕ್ಷಿಸಿದರು. ದಿನಕ್ಕೆ 15 ನಿಮಿಷದಂತೆ 4 ವಾರ. ಕನ್ನಡಿ ನೋಡಿದ ಆರೂ ಜನರಿಗೆ ನೋವು ಇಳಿಯಿತು. ಮುಚ್ಚಿದ ಕನ್ನಡಿ ಇಟ್ಟುಕೊಂಡವರಿಗೆ, ಕಣ್ಣು ಮುಚ್ಚಿ ಊಹಿಸಿದವರಿಗೆ ಆ ಫಲ ಸಿಗಲಿಲ್ಲ. ನಂತರದ ಪರೀಕ್ಷೆಗಳಲ್ಲಿ ಎಲ್ಲರಿಗೂ ಒಂದೇ ತೆರನಾಗಿ ಗುಣವಾಗಿಲ್ಲ. ಹಾಗೆಂದು ಬಿಟ್ಟುಬಿಡಬೇಕಾದ ಉಪಾಯವಲ್ಲ. ಖರ್ಚು ಒಂದು ಕನ್ನಡಿಯದು. ಕೆನಡಾದ ಸ್ಟೀಫನ್ ಸಮ್ನರ್ ಎಂಬವರು ತಾವೇ ಒಂದು ಕಾಲು ಕಳೆದುಕೊಂಡವರು, ಕನ್ನಡಿಯಿಂದ ನೆಮ್ಮದಿ ಪಡೆದವರು. ಅವರು ಸೈಕಲ್ಲಿಗೆ ಕನ್ನಡಿಗಳನ್ನು ಕಟ್ಟಿಕೊಂಡು, ನೆಲಬಾಂಬಿಗೆ ಕಾಲು ಕೊಟ್ಟ ಕಾಂಬೋಡಿಯಾದ ಹಳ್ಳಿಗರ ಮನೆ ಮನೆಗೆ ಹೋಗಿ ಹಂಚಿದರು. ಇಂಥ ಮನುಷ್ಯರ ಬಗ್ಗೆ ಓದಿದರೆ ಮನಸ್ಸು ತುಂಬುತ್ತದೆ.

ಕಣ್ಣು ಹೇಳಿದ್ದನ್ನು ಮೈ ಇಷ್ಟು ಬೇಗ ನಂಬುತ್ತದೆಯೇ ಎಂಬ ಅನುಮಾನ ಇದ್ದವರಿಗೆ 1998ರ ಒಂದು ಪ್ರಯೋಗ. ಬಾಟ್ವಿನಿಕ್ ಮತ್ತು ಕೋಹೆನ್ ಎಂಬ ಇಬ್ಬರು, ಎದುರು ಕೂತವನ ಕೈಯನ್ನು ಮರೆಮಾಡಿ, ಕಣ್ಣೆದುರು ರಬ್ಬರ್ ಕೈಯೊಂದನ್ನು ಇಟ್ಟು, ಎರಡನ್ನೂ ಒಂದೇ ಲಯದಲ್ಲಿ ಕುಂಚದಿಂದ ಸವರಿದರು. ಸ್ವಲ್ಪ ಹೊತ್ತಿನಲ್ಲಿ ತುಂಬ ಜನರಿಗೆ ಆ ರಬ್ಬರ್ ಕೈ ತಮ್ಮದೇ ಅನಿಸಿತು. ಕೈಕಾಲು ಸರಿಯಿರುವ ನಮ್ಮ ಮೈಯೂ ಮಿದುಳು ಗಳಿಗೆಗೊಮ್ಮೆ ಕಟ್ಟುತ್ತಿರುವ ಕಟ್ಟಡವೇ.

ಇದರ ಇನ್ನೊಂದು ಮುಖವೂ ನಮ್ಮ ಮನೆಗಳಲ್ಲೇ ಇದೆ. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ನರ ಸಾಯುತ್ತದೆ. ಕಾಲು ಇದೆ, ಕಾಲಿನ ಸುದ್ದಿ ಮಾತ್ರ ಮೇಲಕ್ಕೆ ಹೋಗುವುದಿಲ್ಲ. ಚಪ್ಪಲಿ ಜಾರಿ ಬಿದ್ದರೂ ತಿಳಿಯುವುದಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಕೊಲ್ಲೂರಿನಂಥ ಕಡೆ ಬರಿಗಾಲಲ್ಲಿ ಕಲ್ಲುಹಾಸಿನ ಮೇಲೆ ಸುತ್ತು ಬಂದು, ಸಂಜೆ ಅಂಗಾಲಿನ ಬೊಬ್ಬೆಯನ್ನು ಮೊಮ್ಮಗಳು ತೋರಿಸಿದ ಮೇಲೆಯೇ ಗೊತ್ತಾಗುವುದು. ಅಂಥ ಒಂದು ಬೊಬ್ಬೆ ಹುಣ್ಣಾಗಿ, ಹುಣ್ಣು ಕೊಳೆತು, ಕಾಲು ತೆಗೆಯುವ ಹಂತಕ್ಕೆ ಬರುತ್ತದೆ. ತೆಗೆದ ಮೇಲೆ, ಅಷ್ಟು ದಿನ ಮಾತೇ ಆಡದಿದ್ದ ಪಾದ ಮಾತಾಡತೊಡಗುತ್ತದೆ. ಇರುವಾಗ ನೋಯಬೇಕಾದದ್ದು ನೋಯಲಿಲ್ಲ, ಹೋದ ಮೇಲೆ ನೋಯುವುದು ನಿಲ್ಲಲಿಲ್ಲ. ಇದಕ್ಕಿಂತ ದೊಡ್ಡ ಅನ್ಯಾಯ ಬೇರೆ ಬೇಕೆ?

ಕಳೆದ ಕಾಲಿಗೆ ಬದಲು ಕೊಡುವ ಆಸೆ ನಮ್ಮಲ್ಲಿ ಬಹಳ ಹಳೆಯದು. ಋಗ್ವೇದದಲ್ಲಿ ವಿಶ್ಪಲೆ ಎಂಬವಳಿಗೆ ಅಶ್ವಿನೀದೇವತೆಗಳು ಲೋಹದ ಕಾಲು ಕೊಟ್ಟ ಮಾತು ಬರುತ್ತದೆ. ನಮ್ಮ ಕಾಲದಲ್ಲಿ ಆ ಕೆಲಸ ಮಾಡಿದವರು ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ವೈದ್ಯ ಪಿ. ಕೆ. ಸೇಠಿ. 1968ರಲ್ಲಿ ರೂಪುಗೊಂಡ ಜೈಪುರ ಕಾಲು ಬೂಟಿಲ್ಲದೆ ನಡೆಯುವ, ಗದ್ದೆಗೆ ಇಳಿಯುವ, ಕುಕ್ಕರಗಾಲಲ್ಲಿ ಕೂರುವ ನಮ್ಮಂಥವರಿಗಾಗಿಯೇ ಮಾಡಿದ್ದು. ನರ್ತಕಿ ಸುಧಾ ಚಂದ್ರನ್ 1981ರ ಅಪಘಾತದಲ್ಲಿ ಕಾಲು ಕಳೆದುಕೊಂಡು, ಅದೇ ಕಾಲು ತೊಟ್ಟು ಮತ್ತೆ ವೇದಿಕೆಯಲ್ಲಿ ಗೆಜ್ಜೆ ಕಟ್ಟಿದರು. ಕೃತಕ ಕಾಲನ್ನು ಚೆನ್ನಾಗಿ ಬಳಸುವ ಕೆಲವರು ತಮ್ಮ ಇಲ್ಲದ ಕಾಲು ಅದರೊಳಗೆ ಹೋಗಿ ಕೂತಂತೆ ಅನಿಸುತ್ತದೆ ಅನ್ನುತ್ತಾರೆ. ಅವರನ್ನು ಕಾಡುತ್ತಿದ್ದ ಅದೇ ಪಹಣಿ ಆಗ ಅವರ ಕೈ ಹಿಡಿಯುತ್ತದೆ: ಮರ, ರಬ್ಬರುಗಳಿಗೆ ನೆಲದ ಅರಿವು ಕೊಡುತ್ತದೆ.

ಆ ಹಿರಿಯರನ್ನು ಕೊನೆಗೆ ವೈದ್ಯರ ಹತ್ತಿರ ಕರೆದುಕೊಂಡು ಹೋದರು. ವೈದ್ಯರು ಒಂದೂ ಮಾತಾಡದೆ ಪೂರ್ತಿ ಕೇಳಿ, ‘ಹೀಗೆ ಆಗುವುದುಂಟು, ಇದಕ್ಕೆ ಮದ್ದಿದೆ’ ಅಂದರಂತೆ. ನರದ ನೋವಿಗೆ ಮಾತ್ರೆ ಬರೆದರು, ಫಿಸಿಯೋಥೆರಪಿಯವರು ಕನ್ನಡಿಯ ಅಭ್ಯಾಸ ಮಾಡಿಸಿದರು. ನೋವು ಪೂರ್ತಿ ಹೋಗಲಿಲ್ಲ, ನಿದ್ದೆ ಬರುವಷ್ಟು ಇಳಿಯಿತು. ಅವರಿಗೆ ಎಲ್ಲಕ್ಕಿಂತ ಮೊದಲು ಸಿಕ್ಕ ಮದ್ದು ‘ಹೀಗೆ ಆಗುವುದುಂಟು’ ಎಂಬ ಒಂದು ಮಾತು.

ಅದಕ್ಕೇ ಕುಂದಾಪುರ, ಬೈಂದೂರು, ಬ್ರಹ್ಮಾವರದ ನನ್ನ ಜನರಲ್ಲಿ ಮೂರು ಮಾತು ಕೇಳಿಕೊಳ್ಳುತ್ತೇನೆ. ಹೆದ್ದಾರಿಯ ಅಪಘಾತದಲ್ಲೋ, ಬೋಟಿನ ಹಗ್ಗಕ್ಕೆ ಸಿಕ್ಕಿಯೋ, ಸಕ್ಕರೆ ಕಾಯಿಲೆಯಿಂದಲೋ ಕೈಕಾಲು ಕಳೆದುಕೊಂಡವರು ನಿಮ್ಮ ಮನೆಯಲ್ಲಿದ್ದರೆ, ಅದು ನೋಯುತ್ತದೆಯೇ ಎಂದು ನೀವಾಗಿ ಕೇಳಿ. ಹೌದೆಂದರೆ ನಂಬಿ, ನಗಬೇಡಿ. ದರ್ಶನದ ಪಾತ್ರಿಯಲ್ಲಿ ಕೇಳುವುದಿದ್ದರೆ ಕೇಳಿ, ವೈದ್ಯರಿಗೂ ತಪ್ಪದೆ ಹೇಳಿ. ಕನ್ನಡಿಯ ಅಭ್ಯಾಸವನ್ನು ಗೊತ್ತಿದ್ದವರಿಂದ ಕಲಿತೇ ಮಾಡಿ, ಯಾಕೆಂದರೆ ಕೆಲವರಿಗೆ ಮೊದಲು ತಲೆ ಸುತ್ತುತ್ತದೆ, ಮನಸ್ಸು ಕಲಕುತ್ತದೆ. ಕಾಲು ತೆಗೆಯುವ ವೈದ್ಯರು, ದಾದಿಯರು ಶಸ್ತ್ರಕ್ರಿಯೆಗೆ ಮೊದಲೇ ರೋಗಿಯ ಕಿವಿಗೆ ಈ ವಿಷಯ ಹಾಕಿರಲಿ. ಎರಡು ನಿಮಿಷದ ಮಾತು ಎಷ್ಟೋ ರಾತ್ರಿಗಳ ಭಯ ತಪ್ಪಿಸುತ್ತದೆ. ಇನ್ನು ಸಕ್ಕರೆ ಕಾಯಿಲೆ ಇರುವ ಎಲ್ಲರೂ ದಿನಾ ರಾತ್ರಿ ಮಲಗುವ ಮೊದಲು ದೀಪದ ಬೆಳಕಿನಲ್ಲಿ ಅಂಗಾಲನ್ನೂ ಬೆರಳಿನ ಸಂದನ್ನೂ ಒಮ್ಮೆ ನೋಡಿಕೊಳ್ಳಿ, ಬಗ್ಗಲು ಆಗದಿದ್ದರೆ ಮನೆಯವರಿಂದ ನೋಡಿಸಿ.